ತಾಂಬೂಲದ ಚೀಲದಲ್ಲಿ ನನ್ನ ಪಿಎಚ್.ಡಿ.

ಕೆಲವರ ಮನೆಗೆ ಬೆಳಗ್ಗೆ ಹಾಲಿನವನು ಬರುತ್ತಾನೆ, ಪೇಪರಿನವನು ಬರುತ್ತಾನೆ. ನಮ್ಮನೆಗೆ ಅವರಿಬ್ಬರ ಹಿಂದೆಯೇ ಒಂದು ಶಾಕ್ ಕೂಡ ಬರುತ್ತದೆ. ನಾನೇನೂ ಕರೆಯುವುದಿಲ್ಲ ಕಣ್ರೀ, ಅದಾಗಿ ಅದೇ ಮನೆ ಹುಡುಕಿಕೊಂಡು ಬಂದು ಬಾಗಿಲು ತಟ್ಟುತ್ತದೆ. ಯಾದವಗಿರಿಯಂಥ ಯಾದವಗಿರಿಯಲ್ಲಿ, ಮರದಿಂದ ಎಲೆ ಬಿದ್ದರೂ ಕೇಳಿಸುವ ನಮ್ಮ ಬೀದಿಯಲ್ಲಿ, ಇಷ್ಟೂ ಮನೆ ಬಿಟ್ಟು ನಮ್ಮನೆಗೇ ಯಾಕೆ? "ನಿಂಗೆ ಮಾತ್ರ ಯಾಕೆ ಹಿಂಗಾಗುತ್ತೆ?" ಅಂತ ನಮ್ಮವರೂ ಕೇಳುತ್ತಾರೆ. ಕೇಳಿ, ಉತ್ತರಕ್ಕೆ ಕಾಯದೆ, ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಾರೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಹೋದವರ ಕೈಗೆ ಹೊರಡುವಾಗ ಒಂದು ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಬಟ್ಟೆಯ ಚೀಲ ಕೊಡುತ್ತಾರಲ್ಲ, ಆ ತಾಂಬೂಲದ ಚೀಲ ಮಾಡುವವಳು ನಾನು. ಮೇಲೆ ನಮ್ಮ ಅಚ್ಚಿನ ಸೊಟ್ಟ ಸೊಂಡಿಲಿನ ಗಣಪತಿ, ನಡುವೆ ಗಂಡು ಹೆಣ್ಣಿನ ಹೆಸರು, ಹೆಸರಿನ ಪಕ್ಕ ಅವರವರ ಡಿಗ್ರಿ. ಹೂಟಗಳ್ಳಿಯಲ್ಲಿ ಒಂದು ಶೆಡ್ಡು, ಹೊಲಿಯುವ ಹೆಂಗಸರು, ಹೆಸರು ಅಚ್ಚು ಹಾಕುವ ಒಬ್ಬ ಪ್ರಿಂಟರು. ಇದು ಸಾಲದು ಅಂತ ಪಿಎಚ್.ಡಿ. ಬೇರೆ. ಸಮಾಜಶಾಸ್ತ್ರದಲ್ಲಿ, ಅದೂ ಕನ್ನಡದಲ್ಲೇ ಬರೆಯುತ್ತೇನೆ ಅಂತ ಹಟ ಹಿಡಿದು. ವಿಷಯ, 'ವಿವಾಹಿತ ಮಹಿಳಾ ಉದ್ಯಮಿಗಳ ಮಾನಸಿಕ ಒತ್ತಡ: ಕಾರಣಗಳು ಮತ್ತು ಪರಿಹಾರಗಳು'. ಕಾರಣಗಳು ನನ್ನ ಹತ್ತಿರ ಧಾರಾಳವಾಗಿದ್ದವು. ಪರಿಹಾರಗಳಿಗೆ ಮಾತ್ರ ವರ್ಷಗಟ್ಟಲೆ ಅಲೆದೆ.

ಎಷ್ಟು ಅಲೆದೆ ಅಂದರೆ, ವಿಶ್ವವಿದ್ಯಾಲಯದವರು "ಇದೇ ಕೊನೇ ಅವಕಾಶ. ಈ ಸಲ ಆಗದಿದ್ದರೆ ನೋಂದಣಿ ರದ್ದು" ಅಂದುಬಿಟ್ಟರು. ನನ್ನ ಪ್ರಾಣಸಂಕಟ ಯಾರಿಗೆ ಹೇಳಲಿ? ನಮ್ಮ ಪ್ರಿಂಟರು ಯಾವ ಕಾಲದಲ್ಲೋ ಉತ್ಸಾಹದಿಂದ ಶೆಡ್ಡಿನ ಬೋರ್ಡಿನಲ್ಲಿ ನನ್ನ ಹೆಸರಿನ ಹಿಂದೆ 'ಡಾ.' ಅಂತ ಬರೆದುಬಿಟ್ಟಿದ್ದ. "ಮುಂದೆ ಹೆಂಗೂ ಆಗೇ ಆಯ್ತೀರಲ್ಲ ಅಮ್ಮಾವ್ರೆ, ಆಗ ಜಾಗ ಸಾಲದೆ ಹೋದ್ರೆ?" ಅಂದಿದ್ದ. ಅಂದಿನಿಂದ ಆ 'ಡಾ.' ಮೇಲೆ ಕಾಗದ ಅಂಟಿಸಿ ಮುಚ್ಚಿಟ್ಟಿದ್ದೆ. ಪ್ರತಿ ಮಳೆಗೂ ಕಾಗದ ನೆನೆದು ಬೀಳುವುದು, ನಾನು ಏಣಿ ಹತ್ತಿ ಮತ್ತೆ ಅಂಟಿಸುವುದು. ಹೂಟಗಳ್ಳಿಯವರೆಲ್ಲ ಕೆಳಗೆ ನಿಂತು, "ಇನ್ನೂ ಮುಗೀಲಿಲ್ವಾ ಮೇಡಂ?" ಅನ್ನುವುದು. ಆ ಕಾಗದವನ್ನು ಒಂದು ಸಲ, ಒಂದೇ ಒಂದು ಸಲ, ಶಾಶ್ವತವಾಗಿ ಕಿತ್ತು ಬಿಸಾಕಬೇಕು ಅನ್ನುವುದೇ ನನ್ನ ಜೀವನದ ಆಸೆಯಾಗಿಹೋಗಿತ್ತು.

ಗೋಕುಲಂ ಸವತಿ

ಬಿ.ಪಿ. ಏರಿತು. ಡಾಕ್ಟರು ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚುತ್ತಾ, "ಮಾತ್ರೆ ಆಮೇಲೆ ನೋಡೋಣ. ಮೊದಲು ಮೈ ಆಡಿಸಿ. ಮೈ ಆಡಿದ್ರೆ ಮನಸ್ಸು ತಣ್ಣಗಾಗುತ್ತೆ" ಅಂದರು. ಸರಿ ಅಂತ ಗೋಕುಲಂನಲ್ಲಿ ಒಂದು ಯೋಗದ ಕ್ಲಾಸಿಗೆ ಸೇರಿದೆ. ಅಲ್ಲಿ ನೋಡಿದರೆ ಮೈಸೂರಿನವಳು ನಾನೊಬ್ಬಳೇ! ಉಳಿದವರೆಲ್ಲ ಫಾರಿನ್ನಿನವರು. ಅವರು ಕಾಲನ್ನು ಕತ್ತಿನ ಹಿಂದೆ ಹಾಕಿಕೊಂಡು ನಗುನಗುತ್ತಾ ಕೂತರೆ, ನಾನು ನೆಲದ ಮೇಲೆ ಕೂತವಳು ಏಳುವುದಕ್ಕೇ ಇಬ್ಬರು ಬೇಕಾಗುತ್ತಿತ್ತು.

ಪಕ್ಕದ ಚಾಪೆಯವಳು ಒಳ್ಳೆಯ ಹೆಂಗಸು. ಅವಳಿಗೆ ಟವೆಲ್ಲು, ನೀರಿನ ಬಾಟಲಿ ಇಟ್ಟುಕೊಳ್ಳುವುದಕ್ಕೆ ಒಂದು ಚೀಲ ಬೇಕಿತ್ತು. ಶೆಡ್ಡಿನಲ್ಲಿ ಕೆಟ್ಟು ಉಳಿದ ಒಂದು ಕಟ್ಟಿತ್ತು. ಒಂದೇ ದಿನ ಎರಡು ಮದುವೆ ಬಂದಾಗ ನಮ್ಮ ಪ್ರಿಂಟರು ಈ ಮದುವೆಯ ಗಂಡಿನ ಪಕ್ಕ ಆ ಮದುವೆಯ ಹೆಣ್ಣನ್ನು ಅಚ್ಚು ಹಾಕಿ ಹಾಳು ಮಾಡಿದ್ದ ಕಟ್ಟು ಅದು. ಕನ್ನಡ ಬಾರದವಳಿಗೆ ಏನಾದರೇನು ಅಂತ ಅದರಿಂದ ಒಂದು ಎತ್ತಿ ಕೊಟ್ಟೆ. ಅವಳು ಹಿಗ್ಗಿ ಹೀರೇಕಾಯಿಯಾಗಿ, ಅದನ್ನು ಹೆಗಲಿಗೆ ಹಾಕಿಕೊಂಡು ಗೋಕುಲಂ ಪೂರ್ತಿ ತಿರುಗಿದಳು.

ಒಂದು ದಿನ ಶೆಡ್ಡಿಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಂದರು.

"ಗಣಪತಿ ಸೊಂಡಿಲು ಸೊಟ್ಟಗಿರೋ ಚೀಲ ಮಾಡೋರು ನೀವೇನಾ?"

"ಹೌದು, ಬನ್ನಿ, ಕೂತ್ಕೊಳ್ಳಿ. ಯಾರ ಮದುವೆ?" ಅಂದೆ.

"ಮದುವೆ ಆಗ್ಹೋಯ್ತು ಕಣ್ರೀ, ಅದೇ ನನ್ನ ಸಂಕಟ! ಗೋಕುಲಂನಲ್ಲಿ ಒಬ್ಬಳು ಬಿಳೀ ಹೆಂಗಸು ನಮ್ಮ ಅಳಿಯಂದ್ರ ಹೆಸರಿನ ಚೀಲ ಹಾಕ್ಕೊಂಡು ತಿರುಗ್ತಿದ್ದಾಳೆ. ಹೆಸರೂ ಅವರದೇ, ಬಿ.ಇ.ನೂ ಅವರದೇ. ಪಕ್ಕದಲ್ಲಿ ನನ್ನ ಮಗಳ ಹೆಸರಿಲ್ಲ, ಇನ್ಯಾವಳದೋ ಇದೆ!"

"ಅಮ್ಮಾ, ಅದು..." ಅನ್ನುವಷ್ಟರಲ್ಲಿ ಅವರೇ ಮುಂದುವರಿಸಿದರು.

"ನಾನು ಸುಮ್ನೆ ಬಿಡ್ತೀನಾ? ಅಡ್ಡ ನಿಲ್ಲಿಸಿ, ಈತ ನಿನಗೇನಾಗ್ಬೇಕು ಅಂತ ಕೇಳಿದೆ. ಅವಳು ನಮ್ಮ ಅಳಿಯನ ಹೆಸರಿನ ಮೇಲೆ ಕೈ ಇಟ್ಕೊಂಡು, ಕಣ್ಣು ಮುಚ್ಚಿ, 'ಬ್ಯೂಟಿಫುಲ್' ಅಂದ್ಲು!"

ಪ್ರಿಂಟರನ್ನು ಕರೆದು ನಿಲ್ಲಿಸಿದೆ. ಅವನು ಎರಡು ಮದುವೆಯ ಕಥೆ ಬಿಡಿಸಿ ಹೇಳಿ, ಕೆಟ್ಟ ಕಟ್ಟನ್ನು ತಂದು ಮುಂದಿಟ್ಟ. ಆ ತಾಯಿ ಒಂದು ಲೋಟ ನೀರು ಕುಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಎಲ್ಲಾ ಸಮಾಧಾನವಾಯಿತು ಅಂತ ನಾನು ಉಸಿರು ಬಿಡುತ್ತಿದ್ದ ಹಾಗೆ ಮೆಲ್ಲಗೆ ನನ್ನ ಕಡೆ ಬಾಗಿದರು.

"ಅಂದ ಹಾಗೆ, ಆ ಇನ್ನೊಂದು ಮದುವೆ ಹುಡುಗನ ಚೀಲ ಇದ್ರೆ ಒಂದು ತೋರಿಸಿ. ಏನು ಓದಿದ್ದಾನೆ, ನೋಡೋಣ."

ಕೆರೆ ಏರಿಯ ಮೇಲೆ ಮೂರನೇ ಅಧ್ಯಾಯ

ನಾಚಿಕೆಯಾಗಿ ಯೋಗ ಬಿಟ್ಟೆ. ಬಿಟ್ಟರೇನು, ಮೈ ಆಡಿಸುವುದಕ್ಕೆ ನನ್ನ ಗೈಡ್ ಇದ್ದರಲ್ಲ!

ನನ್ನ ಗೈಡ್ ದೊಡ್ಡ ವಿದ್ವಾಂಸರು, ಇನ್ನೇನು ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಆದರೆ ಕುರ್ಚಿಯ ಮೇಲೆ ಕೂತರೆ ಅವರಿಗೆ ತಲೆ ಓಡುವುದಿಲ್ಲ. ನಡೆಯುತ್ತಾ ಇರಬೇಕು. ಹಾಗಾಗಿ ನನ್ನ ಸಂಶೋಧನೆಯ ಚರ್ಚೆಯೆಲ್ಲ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಅವರು ಮುಂದೆ ದಾಪುಗಾಲು, ನಾನು ಹಿಂದೆ ಹಾಳೆಗಳ ಕಟ್ಟು ಎದೆಗೊತ್ತಿಕೊಂಡು ಓಟ. ತಿರುಗಿ ನೋಡದೆ ಮಾತಾಡುತ್ತಾರೆ. ಗಾಳಿಗೆ ಅರ್ಧ ಮಾತು ಕೆರೆಗೆ, ಅರ್ಧ ನನಗೆ.

ಅವರಿಗೆ ಒಂದು ಮಾತು ಬಾಯಿಪಾಠ. ಯಾವ ಅಧ್ಯಾಯ ಕೊಟ್ಟರೂ ಅದೇ. "ಏನಮ್ಮಾ, ಇವೆರಡರ ನಡುವಿನ ಸಂಬಂಧ ಇನ್ನೂ ಸ್ಪಷ್ಟವಾಗಬೇಕು." ಯಾವ ಎರಡು ಅಂತ ಕೇಳಿದವರು ಯಾರೂ ಇಲ್ಲ.

ಅವತ್ತು ಮೂರನೇ ಅಧ್ಯಾಯ. ಅದನ್ನು ಬರೆಯುವುದಕ್ಕೆ ನಾನು ಪಟ್ಟ ಪಾಡು ನನಗೂ ದೇವರಿಗೂ ಗೊತ್ತು. ಗೈಡ್ ನಡೆಯುತ್ತಲೇ ಹಾಳೆ ತಿರುಗಿಸಿದರು. ಎದುರಿಗೆ ಬಂದ ಅವರ ವಾಕಿಂಗ್ ಸ್ನೇಹಿತರೊಬ್ಬರು "ಏನ್ ಸಾರ್ ಅದು?" ಅಂತ ಜೊತೆಗೂಡಿದರು. ಬ್ಯಾಂಕಿನಿಂದ ನಿವೃತ್ತರಾದವರಂತೆ. ಅವರೂ ಒಂದು ಹಾಳೆ ಇಸಿದುಕೊಂಡು ಓದಿ, "ಹೆಂಗಸರಿಗೆ ಎಂಥಾ ಒತ್ತಡ ಸಾರ್, ನಮ್ಮನೇಲಿ ನೋಡಿ, ಒತ್ತಡ ಇರೋದು ನನಗೆ" ಅಂದರು. ಅಷ್ಟೇ! ಗೈಡ್ ಗಕ್ಕನೆ ನಿಂತರು. ನಡೆಯುವವರು ನಿಂತರೆ ಏನೋ ಗ್ರಹಚಾರ ಕಾದಿದೆ ಅಂತಲೇ ಅರ್ಥ.

"ನೋಡಮ್ಮಾ, ಇವರು ಹೇಳೋದ್ರಲ್ಲಿ ಅಂಶ ಇದೆ. ಮೂರನೇ ಅಧ್ಯಾಯ ಪೂರ್ತಿ ತೆಗೆದುಹಾಕು. ಮತ್ತೆ ಬರಿ."

ನನಗೆ ಕಣ್ಣು ಕತ್ತಲೆ ಕಟ್ಟಿತು. ಇನ್ನೇನು ಅಳು ಒಡೆಯಬೇಕು, ಆಗ ನನ್ನ ಬೆನ್ನ ಹಿಂದಿನಿಂದ ಒಂದು ದೊಡ್ಡ ಗುಂಪು ಎರಡೂ ಕೈ ಮೇಲೆತ್ತಿ ಗಹಗಹಿಸಿ ನಕ್ಕಿತು! ಹಾ ಹಾ ಹಾ! ಹೋ ಹೋ ಹೋ! ಬೆಚ್ಚಿಬಿದ್ದು ತಿರುಗಿದರೆ, ನಗೆಕೂಟದವರು. ದಿನಾ ಬೆಳಗ್ಗೆ ಆರೋಗ್ಯಕ್ಕೆ ಅಂತ ನಗುವವರು. ನನ್ನ ಕೆಂಪಾದ ಮೂಗು ನೋಡಿ ಅವರ ಲೀಡರ್ ಹತ್ತಿರ ಬಂದು, ನನ್ನೆರಡು ಕೈಯನ್ನೂ ಹಿಡಿದು ಮೇಲೆತ್ತಿದರು.

"ಅಳಬಾರದು ಕಣಮ್ಮ. ಏನಾಗಿದೆ, ಎಲ್ಲರೆದುರು ಗಟ್ಟಿಯಾಗಿ ಹೇಳಿಬಿಡು. ನಾವು ನಕ್ಕುಬಿಡ್ತೀವಿ."

ಹೇಳಿದೆ. ನಕ್ಕರು. ನನ್ನ ಗೈಡ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಗೋಡೌನಿನಲ್ಲಿ ದೇವಿ

ಯೋಗ ಆಗಲಿಲ್ಲ, ಓಟ ಆಗಲಿಲ್ಲ. ಕೊನೆಗೆ ಉಳಿದಿದ್ದು ಡ್ಯಾನ್ಸು. ಅದಕ್ಕೆ ಕ್ಲಾಸಿಲ್ಲ, ಗುರುವಿಲ್ಲ. ಮಧ್ಯಾಹ್ನ ಶೆಡ್ಡಿನ ಹೆಂಗಸರೆಲ್ಲ ಊಟಕ್ಕೆ ಹೊರಗೆ ಮರದ ಕೆಳಗೆ ಕೂತಾಗ ನಾನು ಗೋಡೌನಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಮೊಬೈಲಿನಲ್ಲಿ ತಮಟೆ ಬಡಿತದ ಒಂದು ಹಾಡು. ಕಿವಿಗೆ ತಂತಿ. ಆಮೇಲೆ ಶುರು! ಗೈಡ್ ನೆನಪಾದರೆ ಎಡಗಾಲು, ಬಟ್ಟೆ ತಡ ಮಾಡುವ ವ್ಯಾಪಾರಿ ನೆನಪಾದರೆ ಬಲಗಾಲು. ತುರುಬು ಬಿಚ್ಚಿ ಹೋಗುತ್ತಿತ್ತು, ಕುಂಕುಮ ಬೆವರಿಗೆ ಹಣೆಯಿಡೀ ಹರಡುತ್ತಿತ್ತು. ಏನು ಸುಖ ಅಂತೀರಿ! ಬಿ.ಪಿ. ಇಳಿಯಿತು. ಐದನೇ ಅಧ್ಯಾಯಕ್ಕೆ, ಅಂದರೆ ಪರಿಹಾರಗಳ ಅಧ್ಯಾಯಕ್ಕೆ, ಸಾಮಗ್ರಿಯೂ ಸಿಕ್ಕಿತು.

ಕಿಟಕಿಯ ಒಂದು ರೆಕ್ಕೆ ಸರಿಯಾಗಿ ಮುಚ್ಚುವುದಿಲ್ಲ ಅನ್ನುವುದು ನನಗೆ ಮರೆತೇಹೋಗಿತ್ತು.

ಒಂದು ಮಧ್ಯಾಹ್ನ ಚಿಲಕ ತೆಗೆದು ಹೊರಗೆ ಕಾಲಿಟ್ಟರೆ ಹೌಹಾರಿಬಿಟ್ಟೆ. ಬಾಗಿಲ ಮುಂದೆ ರಂಗೋಲಿ. ಎರಡೂ ಪಕ್ಕ ಬೇವಿನ ಸೊಪ್ಪು. ಊದಿನಕಡ್ಡಿ. ಹೆಂಗಸರೆಲ್ಲ ಸಾಲಾಗಿ ಕೈಮುಗಿದು ನಿಂತಿದ್ದಾರೆ! ಅವರಲ್ಲಿ ಹಿರಿಯಾಕೆ, ಶೆಡ್ಡು ಶುರುವಾದಾಗಿನಿಂದ ನನ್ನ ಜೊತೆಗಿರುವವಳು, ನಿಂಬೆಹಣ್ಣು ಹಿಡಿದು ಮುಂದೆ ಬಂದಳು.

"ಅಮ್ಮಾವ್ರೆ, ಇನ್ನು ಮುಚ್ಚಿಡ್ಬ್ಯಾಡಿ. ನಮ್ಗೆಲ್ಲ ಗೊತ್ತಾಗೋಯ್ತು. ತಾಯಿ ನಿಮ್ ಮೈಮ್ಯಾಲೆ ಬತ್ತಾವ್ಳೆ."

"ಅಯ್ಯೋ ರಾಮ! ಅದು ಡ್ಯಾನ್ಸು ಕಣೇ!"

"ಮೈಮ್ಯಾಲೆ ಬಂದೋರಿಗೆ ಗೊತ್ತಾಗಕಿಲ್ಲ ಅಮ್ಮಾವ್ರೆ. ನಮ್ಮತ್ತೇನೂ ಅಂಗೇ ಅಂತಿತ್ತು."

ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಮಾಡಿಯೇ ತೋರಿಸೋಣ ಅಂತ ಅಲ್ಲೇ ಹಾಡು ಹಾಕಿ ನಾಲ್ಕು ಹೆಜ್ಜೆ ಹಾಕಿದೆ. ಅದೇ ಎಡವಟ್ಟಾಗಿದ್ದು. ಎಲ್ಲರೂ ದಬದಬನೆ ಅಡ್ಡಬಿದ್ದರು! ಹಿರಿಯಾಕೆ ಕಣ್ಣಲ್ಲಿ ನೀರು ತುಂಬಿಕೊಂಡು, "ತಾಯೀ, ನನ್ ಮಗಳ ಮದ್ವೆ ಯಾವಾಗವ್ವಾ?" ಅಂದಳು. ಏದುಸಿರಿನಲ್ಲಿ ಮಾತು ಹೊರಡದೆ ನಾನು ಕೈ ಅಡ್ಡ ಹಿಡಿದು, "ತಡಿ, ತಡಿ" ಅಂದೆ. ಉಸಿರಾಡುವುದಕ್ಕೆ ಬಿಡಿ ಅಂತ ನನ್ನ ಅರ್ಥ. ಆಕೆ ಅದನ್ನು ಅಪ್ಪಣೆ ಅಂತ ತೆಗೆದುಕೊಂಡು, ಆ ವಾರ ಬರಬೇಕಾಗಿದ್ದ ಗಂಡಿನವರನ್ನು ಬರಬೇಡಿ ಅಂದುಬಿಟ್ಟಳು. ಆಮೇಲೆ ಅದಕ್ಕಿಂತ ಒಳ್ಳೇ ಸಂಬಂಧ ತಾನಾಗಿ ಬಂದು ಕೂಡಿಕೊಂಡಿತು. ಮುಗಿಯಿತು ಕಥೆ! ಅಂದಿನಿಂದ ನಮ್ಮ ಶೆಡ್ಡಿನಲ್ಲಿ 'ತಡಿ' ಅಂದರೆ 'ಆಗುತ್ತೆ' ಅಂತ ಅರ್ಥ.

ಇದರಿಂದ ವ್ಯಾಪಾರಕ್ಕೆ ಆದ ಪೆಟ್ಟು ಕೇಳಿ. ಲಗ್ನದ ಕಾಲ, ಕೈತುಂಬಾ ಕೆಲಸ. ಬೆಳಗ್ಗೆ ಒಬ್ಬಾಕೆ ರಜೆ ಕೇಳಿದಳು. ಸಾಧ್ಯವೇ ಇಲ್ಲ ಅಂದೆ. ಮಾರನೆಯ ದಿನ ಆಕೆ ನಾಪತ್ತೆ. ಹಿರಿಯಾಕೆಯನ್ನು ಕರೆದು, "ರಜ ಕೊಡಲ್ಲ ಅಂತ ಬಾಯಿ ಬಿಟ್ಟು ಹೇಳಿರಲಿಲ್ವಾ ನಾನು?" ಅಂತ ರೇಗಿದೆ.

"ನೀವು ಕೊಡ್ನಿಲ್ಲ ಅಮ್ಮಾವ್ರೆ. ಆಮ್ಯಾಕೆ ಮದ್ಯಾನ ನೀವು ಕುಣೀವಾಗ ಕಿಟಕೀಲಿ ತಾಯೀನ ಕೇಳುದ್ಲು. ತಾಯಿ ತಲೆ ಆಡ್ಸುದ್ಲು."

ಗಣಪತಿಯ ಕೆಳಗೆ ಇಬ್ಬರು

ಈ ಪ್ರಸಂಗ ಬರೆಯುವಾಗ ಈಗಲೂ ಪೆನ್ನು ಕೆಳಗಿಟ್ಟು ಎದ್ದು ಹೋಗೋಣ ಅನ್ನಿಸುತ್ತದೆ.

ಪ್ರಬಂಧ ಸಲ್ಲಿಸುವ ಹೊತ್ತು. ಮೊದಲ ಪುಟದಲ್ಲಿ ಏನಿರಬೇಕು ಅಂತ ಟೈಪ್ ಮಾಡಿ ಗೈಡ್‌ಗೆ ಕಳಿಸಬೇಕಿತ್ತು. ಶೀರ್ಷಿಕೆ, ಕೆಳಗೆ ಒಂದು ಪಕ್ಕ ಸಂಶೋಧಕಿ ಅಂತ ನನ್ನ ಹೆಸರು, ಇನ್ನೊಂದು ಪಕ್ಕ ಮಾರ್ಗದರ್ಶಕರು ಅಂತ ಅವರ ಹೆಸರು. ಅದೇ ಹೊತ್ತಿಗೆ ಒಂದು ಅರ್ಜೆಂಟು ಮದುವೆಯ ಹೆಸರುಗಳನ್ನು ಪ್ರಿಂಟರಿಗೂ ಕಳಿಸಬೇಕಿತ್ತು. ಹೂಟಗಳ್ಳಿ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು, ಹಿಂದಿನ ಲಾರಿಯವನು ಪ್ರಾಣ ಹೋಗುವ ಹಾಗೆ ಹಾರನ್ ಬಾರಿಸುತ್ತಿರುವಾಗ, ಎರಡನ್ನೂ ಟಕ್ ಟಕ್ ಅಂತ ಕಳಿಸಿದೆ. ಅದು ಇವರಿಗೆ, ಇದು ಅವರಿಗೆ!

ನಮ್ಮ ಪ್ರಿಂಟರು ಓದುವವನಲ್ಲ, ಅಚ್ಚು ಹಾಕುವವನು. ಎರಡು ಹೆಸರು ಕಂಡವು. ಮೇಲೆ ಸೊಟ್ಟ ಸೊಂಡಿಲಿನ ಗಣಪತಿಯನ್ನು ಕೂರಿಸಿದ. ಕೆಳಗೆ 'ವಧೂವರರನ್ನು ಆಶೀರ್ವದಿಸಿದ್ದಕ್ಕೆ ವಂದನೆಗಳು' ಅಂತ ಸೇರಿಸಿದ. 'ಸಂಶೋಧಕಿ', 'ಮಾರ್ಗದರ್ಶಕರು' ಅನ್ನುವುದಕ್ಕೆ ಜಾಗ ಸಾಲಲಿಲ್ಲವಂತೆ, ಬಿಟ್ಟ. ಬಣ್ಣ ಉಜ್ಜಿಹೋಗಬಾರದು ಅಂತ ಚೀಲವನ್ನು ಒಳಮುಖ ಮಡಿಸಿ ಛತ್ರಕ್ಕೆ ಕಳಿಸಿದ. ಅಲ್ಲಿ ಕಾಯಿ ತುಂಬಿದ ಅಜ್ಜಿಯರು ಗಣಪತಿ ಇದ್ದಾನೆ, ಎರಡು ಹೆಸರಿವೆ, ಸಾಕು ಅಂದುಕೊಂಡರು.

ಊಟ ಮುಗಿಸಿದ ನೆಂಟರು ಚೀಲ ತಗೊಂಡು, ಬಾಗಿಲ ಹತ್ತಿರ ನಿಂತು ಓದುವುದಕ್ಕೆ ಶುರು ಮಾಡಿದಾಗ ಹೆಣ್ಣಿನ ತಂದೆಗೆ ಗೊತ್ತಾಯಿತು. ನನಗೆ ಫೋನ್ ಬಂತು.

"ಏನ್ರೀ ಇದು? 'ವಿವಾಹಿತ ಮಹಿಳಾ ಉದ್ಯಮಿಗಳ ಮಾನಸಿಕ ಒತ್ತಡ' ಅಂತಿದೆ! ಬೀಗರು ಓದಿ, ಹುಡುಗಿಗೆ ಈಗ್ಲೇ ಏನಾದ್ರೂ ಇದೆಯಾ ಅಂತ ಕೇಳ್ತಿದ್ದಾರೆ! ಅದೂ ಹೋಗ್ಲಿ, ಕೆಳಗೆ ನಿಮ್ಮ ಹೆಸರಿನ ಪಕ್ಕ ಇರೋ ಈ ಗಂಡಸು ಯಾರು? ನನ್ನ ಮಗಳ ಮದುವೆ ಖರ್ಚಿನಲ್ಲಿ ನೀವು ಯಾರನ್ನ ಮದುವೆ ಆಗಿದ್ದೀರಿ?"

ಛತ್ರಕ್ಕೆ ಓಡಿದೆ. ಬೀಗರ ಮುಂದೆ ಕೈಮುಗಿದೆ, ಉಳಿದ ಚೀಲಗಳನ್ನು ಬಾಚಿಕೊಂಡೆ. ಹೋದವು ಹೋದವು. ಯಾವ ಯಾವ ಊರಿಗೆ ಹೋದವೋ! ನನ್ನ ಭಯ ಒಂದೇ. ಗೈಡ್ ಕಣ್ಣಿಗೆ ಬಿದ್ದರೆ, ಅಥವಾ ಅವರ ಮನೆಯವರ ಕಣ್ಣಿಗೆ ಬಿದ್ದರೆ, ಡಿಗ್ರಿ ಇರಲಿ, ನಾನು ಮೈಸೂರಲ್ಲಿ ಮುಖ ಎತ್ತಿ ಓಡಾಡುವ ಹಾಗಿಲ್ಲ.

ಆಗ ಥಟ್ಟನೆ ಹೊಳೆಯಿತು. ಹಾಗಾದರೆ ಗೈಡ್‌ಗೆ ಹೋಗಿದ್ದೇನು? ಮೊಬೈಲ್ ತೆಗೆದೆ. ನಿಜವಾದ ಮದುವೆಯ ಹೆಣ್ಣು ಗಂಡಿನ ಹೆಸರು, ಮುಹೂರ್ತ, ಛತ್ರದ ವಿಳಾಸ, ಎಲ್ಲವೂ ಅವರಿಗೆ ಹೋಗಿತ್ತು. ಅವರ ಉತ್ತರವೂ ಬಂದಿತ್ತು, ಗಡಿಬಿಡಿಯಲ್ಲಿ ನಾನೇ ತೆರೆದು ನೋಡಿರಲಿಲ್ಲ.

"ನೋಡಿದೆ. ಒಟ್ಟಾರೆ ಚೆನ್ನಾಗಿದೆ. ಇವೆರಡರ ನಡುವಿನ ಸಂಬಂಧ ಇನ್ನೂ ಸ್ಪಷ್ಟವಾಗಬೇಕು."

ಊಟದ ಚೀಲ

ಕೊನೆಗೂ ಮೌಖಿಕ ಪರೀಕ್ಷೆಯ ದಿನ ಬಂತು. ಹೊರಗಿನ ಊರಿನಿಂದ ಪರೀಕ್ಷಕರು ಬರುತ್ತಾರೆ, ಎಲ್ಲರೆದುರು ಪ್ರಶ್ನೆ ಕೇಳುತ್ತಾರೆ, ಯಾರು ಬೇಕಾದರೂ ಬಂದು ಕೂತು ನೋಡಬಹುದು. ನಮ್ಮವರು ಇಸ್ತ್ರಿ ಶರಟು ಹಾಕಿಕೊಂಡು ಬಂದರು. ಗೈಡ್, "ನನ್ನ ಕೊನೇ ವಿದ್ಯಾರ್ಥಿನಿ, ನೀನೂ ಬಂದು ನೋಡು" ಅಂತ ಹೆಂಡತಿಯನ್ನು ಕರೆತಂದಿದ್ದರು. ಶೆಡ್ಡಿಗೆ ರಜ ಕೊಟ್ಟಿದ್ದೆ. ನಾನೇ ಕೊಟ್ಟಿದ್ದು, ದೇವಿಯಲ್ಲ. ಪ್ರಿಂಟರೂ ಸೇರಿ ಎಲ್ಲರೂ ಹೊಸ ಬಟ್ಟೆಯಲ್ಲಿ ಹಿಂದಿನ ಸಾಲು ತುಂಬಿದ್ದರು.

ಪರೀಕ್ಷಕರು ಬಂದರು. ಗಂಟು ಮುಖ, ದಪ್ಪ ಕನ್ನಡಕ. ಕೂತು, ಕೈಯಲ್ಲಿದ್ದ ಬಟ್ಟೆ ಚೀಲವನ್ನು ಮೇಜಿನ ಮೇಲಿಟ್ಟರು. ಅದರೊಳಗಿಂದ ಮೊದಲು ಊಟದ ಡಬ್ಬಿ ತೆಗೆದು ಪಕ್ಕಕ್ಕಿಟ್ಟರು, ಆಮೇಲೆ ನನ್ನ ಪ್ರಬಂಧ ತೆಗೆದರು. ಖಾಲಿಯಾದ ಚೀಲ ಮೇಜಿನ ಮೇಲೆ ಅಂಗಾತ ಬಿತ್ತು.

ಸೊಟ್ಟ ಸೊಂಡಿಲಿನ ಗಣಪತಿ!

ಸತ್ತೆ ಅಂದುಕೊಂಡೆ. ಪ್ರಬಂಧದ ಬಗ್ಗೆ ಏನೋ ಬಾಯಿಗೆ ಬಂದದ್ದು ನಾಲ್ಕು ಮಾತು ಒದರಿದೆ. ಪರೀಕ್ಷಕರು ಕೈ ಎತ್ತಿ ತಡೆದರು.

"ಒಂದು ನಿಮಿಷ. ಈ ಶೀರ್ಷಿಕೆಯನ್ನ ನಾನು ಮೊದಲೇ ಓದಿದ್ದೀನಿ."

ಗೈಡ್ ಎದ್ದು ನಿಂತರು. "ಸಾಧ್ಯವೇ ಇಲ್ಲ ಸಾರ್! ಈಕೆಯ ಸ್ವಂತ ಕೆಲಸ ಇದು. ಎಲ್ಲಿ ಓದಿದ್ರಿ ಹೇಳಿ."

"ದಿನಾ ಓದ್ತೀನಿ. ಊಟ ಮಾಡೋವಾಗ." ಪರೀಕ್ಷಕರು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಸಭೆಗೆ ತೋರಿಸಿದರು. "ನಮ್ಮ ಸಂಬಂಧಿಕರ ಮದುವೆಗೆ ಮೈಸೂರಿಗೆ ಬಂದಿದ್ದೆ. ಅಲ್ಲಿ ಕೊಟ್ಟಿದ್ದು. ನಮ್ಮ ಮನೆಯವರು ಇದರಲ್ಲೇ ಡಬ್ಬಿ ಹಾಕಿ ಕೊಡ್ತಾರೆ. ಕೆಳಗಿರೋ ಹೆಸರುಗಳನ್ನ ತಾವೇ ಓದಿ ಸಾರ್."

ಗೈಡ್ ಕನ್ನಡಕ ಏರಿಸಿ, ಪಾಠ ಮಾಡುವ ದನಿಯಲ್ಲಿ ಗಟ್ಟಿಯಾಗಿ ಓದಿದರು. ನನ್ನ ಹೆಸರು ಓದಿದರು. ತಮ್ಮ ಹೆಸರು ಓದಿದರು. 'ವಧೂವರರನ್ನು ಆಶೀರ್ವದಿಸಿದ್ದಕ್ಕೆ...' ಅನ್ನುವ ಹೊತ್ತಿಗೆ ದನಿ ಕೆರೆಗೆ ಬಿದ್ದ ಹಾಗೆ ಇಂಗಿಹೋಯಿತು. ಮುಂದಿನ ಸಾಲಿನಿಂದ ಅವರ ಹೆಂಡತಿ ಎದ್ದರು.

"ರೀ! ಏನ್ರೀ ಇದು? ದಿನಾ ಬೆಳಗ್ಗೆ ಎದ್ದು ಕೆರೆಗೆ ಹೋಗ್ತಿದ್ದದ್ದು ಇದಕ್ಕೇನಾ?"

ನಡೆಯುವುದಕ್ಕೆ ಜಾಗವಿಲ್ಲದೆ ಗೈಡ್‌ಗೆ ಮಾತೂ ಹೊರಡಲಿಲ್ಲ. ಪರೀಕ್ಷಕರು ಪ್ರಬಂಧ ಮುಚ್ಚಿ ಪಕ್ಕಕ್ಕೆ ಸರಿಸಿದರು.

"ಸಂಬಂಧಿಕರಿಗೆ ಮಾರ್ಗದರ್ಶನ ಮಾಡೋ ಹಾಗಿಲ್ಲ ಅಂತ ನಿಯಮ ಇದೆ. ಇವೆರಡು ಹೆಸರುಗಳ ನಡುವಿನ ಸಂಬಂಧ ಸ್ಪಷ್ಟವಾಗೋವರೆಗೆ ನಾನು ಸಹಿ ಹಾಕಲ್ಲ."

ಅಷ್ಟೂ ವರ್ಷಗಳ ಕೆಲಸ ನನ್ನ ಕಣ್ಣೆದುರಿಗೇ ಮೇಜಿನ ಅಂಚಿಗೆ ಬಂದು ನಿಂತಿತ್ತು. ನಮ್ಮವರು ಹಾಜರಿ ಹೇಳುವ ಹಾಗೆ ಕೈ ಎತ್ತಿದರು.

"ಸಾರ್, ಗಂಡ ನಾನು. ಇಲ್ಲೇ ಇದ್ದೀನಿ."

"ನೀವು ಯಾವ ಚೀಲದಲ್ಲಿದ್ದೀರಿ?" ಅಂದರು ಪರೀಕ್ಷಕರು.

ಅಷ್ಟರಲ್ಲಿ ಹಿಂದಿನಿಂದ ನಮ್ಮ ಪ್ರಿಂಟರು ಎದ್ದ. ಸದ್ಯ, ಇವನಾದರೂ ಕಾಪಾಡಿದನಲ್ಲ ಅಂದುಕೊಂಡೆ.

"ಸಾ, ಅಚ್ಚು ಆಕಿದ್ದು ನಾನೇ. ಎರಡು ಹೆಸರು ಬಂದ್ರೆ ಗಣಪತಿ ಆಕೋದು ನಮ್ ಪದ್ಧತಿ."

"ಅಂದ್ರೆ ಇವರಿಬ್ಬರಿಗೆ ಮದುವೆ ಆಗಿಲ್ಲ?"

"ಅದು ನಂಗೊತ್ತಿಲ್ಲ ಸಾ. ಅಚ್ಚು ಮಾತ್ರ ನಂದು."

ಗೈಡ್ ಹೆಂಡತಿ "ಅಯ್ಯೋ" ಅಂತ ಕುರ್ಚಿಯಲ್ಲಿ ಕುಸಿದರು. ನನಗೆ ಅಂಗಾಲಿನಿಂದ ಬಿಸಿ ಏರಿತು. ಆ ಹೊತ್ತಿಗೆ ನನ್ನ ಮೈಗೆ ಗೊತ್ತಿದ್ದ ಪರಿಹಾರ ಒಂದೇ. ಎಡಗಾಲು ತಾನಾಗಿ ತಾಳ ಹಾಕುವುದಕ್ಕೆ ಶುರುವಾಯಿತು. ಆಮೇಲೆ ಬಲಗಾಲು. ಹೆಗಲು ಅಲ್ಲಾಡಿತು. ತುರುಬಿನ ಕ್ಲಿಪ್ಪು ಟಪ್ ಅಂತ ಹಾರಿ ಪರೀಕ್ಷಕರ ಡಬ್ಬಿಯ ಮೇಲೆ ಬಿತ್ತು.

"ಬಂದ್ಬುಟ್ಲು!" ಹಿರಿಯಾಕೆ ಕಿರುಚಿದಳು. "ತಾಯಿ ಬಂದ್ಬುಟ್ಲು! ಏಳ್ರೇ ಎಲ್ಲಾರೂ!"

ಹಿಂದಿನ ಸಾಲು ಪೂರ್ತಿ ಕೈಮುಗಿದು ಎದ್ದಿತು. ಹಿರಿಯಾಕೆ ನಿಂಬೆಹಣ್ಣು ಹಿಡಿದು ನೇರವಾಗಿ ಮುಂದಕ್ಕೇ ಬಂದಳು. "ತಾಯೀ, ನೀನೇ ಏಳವ್ವಾ! ನಮ್ ಅಮ್ಮಾವ್ರಿಗೆ ಡಾಕ್ಟರ್ ಪದ್ವಿ ಕೊಡ್ತಾರೋ ಇಲ್ವೋ?"

ನಾನು ಏದುಸಿರಿನಲ್ಲಿ ಕೈ ಅಡ್ಡ ಹಿಡಿದು, "ತಡಿ, ತಡಿ!" ಅಂದೆ.

ಹಿರಿಯಾಕೆ ಪರೀಕ್ಷಕರ ಕಡೆ ತಿರುಗಿ, ತೀರ್ಪು ಕೊಡುವವಳ ಹಾಗೆ ಅಂದಳು. "ತಡಿ ಅಂದ್ರೆ ಆಯ್ತದೆ ಅಂತ. ಕೊಟ್ಬುಡಿ ಸ್ವಾಮಿ."

ಪರೀಕ್ಷಕರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಿದ್ದರು. ನಾನು ನಿಂತೆ. ಕೂದಲು ಮುಖದ ಮೇಲೆ, ಹಣೆಯಲ್ಲಿ ಬೆವರು. ಆದರೆ ತಲೆ? ತಿಳಿನೀರಿನ ಹಾಗೆ ನಿಚ್ಚಳವಾಗಿತ್ತು! ಭಯವೆಲ್ಲ ಕಾಲಲ್ಲಿ ಇಳಿದುಹೋಗಿತ್ತು.

"ಸಾರ್, ಪ್ರಬಂಧ ತೆರೀರಿ," ಅಂದೆ. "ನಾನು ಅವತ್ತು ಸಿಗ್ನಲ್ಲಿನಲ್ಲಿ ನಿಂತು ಒಂದೇ ಕೈಯಲ್ಲಿ ವ್ಯಾಪಾರಾನೂ ಓದನ್ನೂ ಹಿಡಿದಿದ್ದೆ. ಗುರುಗಳಿಗೆ ಹೋಗ್ಬೇಕಿದ್ದ ಮೊದಲ ಪುಟ ಪ್ರಿಂಟರಿಗೆ ಹೋಯ್ತು. ಒತ್ತಡದಲ್ಲಿ ತಪ್ಪು ಹೇಗಾಗುತ್ತೆ ಅನ್ನೋದಕ್ಕೆ ನಿಮ್ಮ ಊಟದ ಚೀಲವೇ ಸಾಕ್ಷಿ, ಅದು ನಾಲ್ಕನೇ ಅಧ್ಯಾಯ. ಪರಿಹಾರ ಏನು ಅನ್ನೋದನ್ನ ಈಗ ತಾನೇ ಕಣ್ಣಾರೆ ನೋಡಿದ್ರಿ, ಅದು ಐದನೇ ಅಧ್ಯಾಯ. ಇನ್ನು ನನ್ನ ಗುರುಗಳು ಈ ಚೀಲವನ್ನ ನೋಡಿದ್ದು ಇವತ್ತೇ ಮೊದಲು. ಅವರಿಗೆ ಹೋಗಿದ್ದು ನಿಮ್ಮ ಸಂಬಂಧಿಕರ ಮದುವೆ ವಿವರ." ಮೊಬೈಲ್ ತೆಗೆದು, ಗೈಡ್ ಬರೆದ ಉತ್ತರವನ್ನು ಓದಿ ಹೇಳಿದೆ.

ಮೊದಲು ನಕ್ಕಿದ್ದು ಗೈಡ್ ಹೆಂಡತಿ. "ಇದು ಇವರೇ ಬರೆದಿದ್ದು, ಅನುಮಾನವೇ ಇಲ್ಲ. ನಮ್ಮ ಮಗಳ ಲಗ್ನಪತ್ರಿಕೆಗೂ ಇದನ್ನೇ ಹೇಳಿದ್ರು" ಅಂದರು. ಪರೀಕ್ಷಕರ ಗಂಟು ಮುಖವೂ ಸಡಿಲವಾಯಿತು. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ ಎರಡೇ! ಎಲ್ಲಕ್ಕೂ ನಿಂತ ನಿಲುವಿನಲ್ಲೇ ಉತ್ತರ ಹೇಳಿದೆ. ಕೊನೆಗೆ ಅವರು ಎದ್ದು, ಪದವಿಗೆ ಶಿಫಾರಸು ಮಾಡಿದ್ದೇವೆ ಅಂತ ಘೋಷಿಸಿದಾಗ, ನಿಜ ಹೇಳುತ್ತೇನೆ, ಹೋ ಅಂತ ಅತ್ತುಬಿಟ್ಟೆ. ಪ್ರಿಂಟರು ಆಗಲೇ ಬಾಗಿಲು ದಾಟಿದ್ದ. "ಏಣಿ ಎಲ್ಲದೆ ಅಂತ ಗೊತ್ತು ಬುಡಿ" ಅಂದ. ಸಂಜೆ ನಾನು ಹೂಟಗಳ್ಳಿಗೆ ಹೋಗುವಷ್ಟರಲ್ಲಿ ಬೋರ್ಡಿನ ಕಾಗದ ಕಿತ್ತಾಗಿತ್ತು, 'ಡಾ.' ಮೇಲೆ ಒಂದು ಮೊಳ ಮಲ್ಲಿಗೆಯೂ ಏರಿತ್ತು.

ಆದರೆ ಅವತ್ತಿನ ಶಾಕ್ ಇಷ್ಟಕ್ಕೇ ಮುಗಿದಿರಲಿಲ್ಲ.

ಅದಕ್ಕೂ ಮೊದಲು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಟಾಗ ಪರೀಕ್ಷಕರು ಕಾರಿಡಾರಿನ ಕಂಬದ ಮರೆಯಿಂದ ನನ್ನನ್ನು ಸನ್ನೆ ಮಾಡಿ ಕರೆದರು. ಕೈಯಲ್ಲಿ ಅದೇ ಚೀಲ. ಏನಾದರೂ ತಿದ್ದುಪಡಿ ಹೇಳುತ್ತಾರೇನೋ ಅಂತ ಪೆನ್ನು ಹಿಡಿದುಕೊಂಡು ಹೋದೆ. ಅವರು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನನ್ನ ಮಗನಿಗೆ ಹೆಣ್ಣು ನೋಡಿ ನೋಡಿ ಸಾಕಾಗಿದೆ. ಮುಂದಿನ ಸಲ... ಅದೇ... ತಾಯಿ ಬಂದಾಗ... ಒಂದು ಮಾತು ಕೇಳಿ ಹೇಳ್ತೀರಾ?"

ಇಷ್ಟು ಹೊತ್ತು ಸಾಕ್ಷಿ ಎಲ್ಲಿ, ಆಧಾರ ಎಲ್ಲಿ ಅಂತ ನನ್ನನ್ನು ಹಿಂಡಿ ಹಿಪ್ಪೆ ಮಾಡಿದ ಮಹಾನುಭಾವರು! ಆದರೆ ಏನೇ ಆಗಲಿ, ನಾನು ವ್ಯಾಪಾರದವಳು. ಕೂಡಲೇ ಸಾವರಿಸಿಕೊಂಡೆ.

"ತಡೀರಿ ಸಾರ್, ಆಗುತ್ತೆ," ಅಂದೆ. "ಗೊತ್ತಾದ್ಮೇಲೆ ಚೀಲ ಮಾತ್ರ ನಮ್ಮಲ್ಲೇ ಮಾಡಿಸ್ಬೇಕು."

ಪರೀಕ್ಷಕರು ಕೈಯಲ್ಲಿದ್ದ ಚೀಲವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಬೇಡಮ್ಮಾ," ಅಂದರು. "ಹೆಣ್ಣು ಯಾರು ಅಂತ ದೇವಿ ಹೇಳಲಿ. ನಿಮ್ಮ ಪ್ರಿಂಟರು ಹೇಳೋದು ಬೇಡ."